ಕಣ್ಣು ಮುಚ್ಚಿದರೆ ಅಳು ಬರುತ್ತದೆ

(ಹಾವೇರಿ ಜಿಲ್ಲೆಯ ಶಿಕ್ಷಕಿಯೊಬ್ಬರು ಹೆಸರು ಹಾಕಬೇಡಿ ಎಂದು ಬರೆದ ಪತ್ರದ ಸಾರ: ಅತ್ತೆಗೆ ಮೂರು ವರ್ಷದಿಂದ ಮರೆವಿನ ಕಾಯಿಲೆ, ರಾತ್ರಿ ನಾಲ್ಕೈದು ಸಲ ಏಳಬೇಕು. ಶಾಲೆಯಲ್ಲಿ ಎರಡು ತರಗತಿ ಒಟ್ಟಿಗೆ. ತರಬೇತಿಯೊಂದರಲ್ಲಿ ‘ದಿನಾ ಅರ್ಧ ಗಂಟೆ ಮೈಂಡ್‌ಫುಲ್‌ನೆಸ್ (ಸುಮ್ಮನೆ ಕೂತು ಉಸಿರು, ಮನಸ್ಸನ್ನು ಗಮನಿಸುವ ಧ್ಯಾನ) ಮಾಡಿ, ಒತ್ತಡ ಹೋಗುತ್ತದೆ’ ಎಂದರು. ಕೂತರೆ ಅಳುವೇ ಬರುತ್ತದೆ. ಕಳೆದ ವಾರ ಮೂರನೇ ತರಗತಿಯ ಹುಡುಗನ ನೋಟ್‌ಬುಕ್ ಎಸೆದುಬಿಟ್ಟೆ. ಅವನೀಗ ಹತ್ತಿರ ಬರುತ್ತಿಲ್ಲ. ನಾನು ಕೆಟ್ಟವಳಾಗುತ್ತಿದ್ದೇನೆಯೇ?)

ಸೋದರಿ, ಖಂಡಿತ ಇಲ್ಲ. ಮೂರು ವರ್ಷ ನಿದ್ದೆಗೆಟ್ಟವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನ ಅವ್ವ ಲಕ್ವ ಹೊಡೆದು ಹಾಸಿಗೆ ಹಿಡಿದಾಗ ಒಂದು ಸಂಜೆ ಗಂಜಿಯ ಚಮಚವನ್ನು ಆಕೆಯ ಹಲ್ಲಿಗೆ ತಾಗುವಂತೆ ತುರುಕಿದ್ದೆ. ಆ ಸದ್ದು ಇನ್ನೂ ನನ್ನ ಕಿವಿಯಲ್ಲಿದೆ.

ನಿಮಗೆ ತರಬೇತಿಯಲ್ಲಿ ಹೇಳಿದ್ದು ಅರ್ಧ ಮಾತು. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಕಾಲೇಜಿನಲ್ಲಿ ಜಾನ್ ಕಬಾಟ್-ಜಿನ್ ಇದನ್ನು ಶುರುಮಾಡಿದ್ದು ತೀರದ ನೋವಿನಲ್ಲಿದ್ದ ರೋಗಿಗಳಿಗಾಗಿ. ಹಲವು ವಾರಗಳ ಪಾಠ, ಕಲಿಸುವವರು ಎದುರಿಗೆ, ತಮ್ಮಂತೆಯೇ ನೊಂದವರು ಪಕ್ಕದಲ್ಲಿ. ಅಳು ಬಂದರೆ ನೋಡಿಕೊಳ್ಳಲು ಒಬ್ಬರಾದರೂ ಇರುತ್ತಿದ್ದರು. ಬೇರು ಬೌದ್ಧರ ‘ಸತಿ’ಯಲ್ಲಿದೆ, ಪಾಲಿಯ ಆ ಪದ ಸಂಸ್ಕೃತದ ‘ಸ್ಮೃತಿ’. ನಮ್ಮ ‘ಎಚ್ಚರ’ ಅದಕ್ಕೆ ಹತ್ತಿರ ಅನ್ನಿಸುತ್ತದೆ ನನಗೆ. ಅದಕ್ಕೆ ಕಣ್ಣು ಮುಚ್ಚಲೇಬೇಕೆಂದಿಲ್ಲ. ದಿನವಿಡೀ ಅದುಮಿಟ್ಟ ದುಃಖ ಸುಮ್ಮನೆ ಕೂತಾಗ ಉಕ್ಕುವುದು ಸಹಜ. ಹಾಗಾದರೆ ಕಣ್ಣು ತೆರೆಯಿರಿ, ಪಾದ ನೆಲಕ್ಕೆ ಊರಿ. ಹಟ ಹಿಡಿದು ಕೂರಬೇಡಿ.

ಅತ್ತೆಯವರ ಮೈ ಒರೆಸುವಾಗ ಬಟ್ಟೆಯ ಬಿಸುಪು ನಿಮ್ಮ ಬೆರಳಿಗೆ ತಿಳಿಯಲಿ, ಅಷ್ಟು ಹೊತ್ತು ಅಷ್ಟೇ ಸಾಕು. ಉಸಿರನ್ನು ಒಳಗೆಳೆದುಕೊಂಡದ್ದಕ್ಕಿಂತ ನಿಧಾನವಾಗಿ ಹೊರಬಿಡಿ. ಹಾಗೆ ಬಿಡುವಾಗ ಎದೆಬಡಿತ ತಗ್ಗುತ್ತದೆ, ಅದು ದೇಹದ ಗುಣ. ತರಗತಿಯಲ್ಲಿ ಸಿಟ್ಟು ಕೈಗೆ ಬರುವ ಮೊದಲು ಬೇರೆಲ್ಲೋ ತಲೆ ಎತ್ತುತ್ತದೆ. ನನಗೆ ದವಡೆ ಬಿಗಿಯುತ್ತಿತ್ತು. ನಿಮಗೆ ಕಿವಿ ಬಿಸಿಯಾಗಬಹುದು, ದನಿ ಏರಬಹುದು. ಅದನ್ನು ಗುರುತು ಹಿಡಿದಿಟ್ಟುಕೊಳ್ಳಿ. ಬಂತು ಅನ್ನಿಸಿದಾಗ ಬೋರ್ಡಿನ ಕಡೆ ತಿರುಗಿ, ಎರಡು ಉಸಿರು ಬಿಟ್ಟು, ದಿನಾಂಕ ಬರೆಯಿರಿ. ಈ ಎಚ್ಚರ ಕೊಡುವುದು ಅಷ್ಟೇ ಪುಟ್ಟ ಬಿಡುವನ್ನು. ನೋಟ್‌ಬುಕ್ ಮೇಜಿನ ಮೇಲೆ ಉಳಿಯಲು ಅಷ್ಟು ಸಾಕಾಗುತ್ತದೆ.

ಆದರೆ ಹೊರೆ ಇದರಿಂದ ಇಳಿಯದು. ಬ್ರಿಟನ್ನಿನ 80ಕ್ಕೂ ಹೆಚ್ಚು ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಕಲಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾದಾಗ ಮಕ್ಕಳಿಗೆ ಮಾಮೂಲು ಪಾಠಕ್ಕಿಂತ ಹೆಚ್ಚಿನ ಲಾಭ ಕಂಡಿರಲಿಲ್ಲ. ಶಿಕ್ಷಕರ ಬಳಲಿಕೆ ತುಸು ತಗ್ಗಿತ್ತು. ವಿಶ್ವ ಆರೋಗ್ಯ ಸಂಸ್ಥೆಯೂ 2019ರಲ್ಲಿ ಇಂಥ ಬಳಲಿಕೆಯನ್ನು ಕಾಯಿಲೆ ಎನ್ನದೆ ಕೆಲಸದ ಒತ್ತಡದ ಫಲ ಎಂದಿತು. ಎರಡು ತರಗತಿಗೆ ಒಬ್ಬರೇ ಟೀಚರ್ ಇಟ್ಟು ‘ನೀವು ಧ್ಯಾನ ಮಾಡಿ’ ಎನ್ನುವುದು ನ್ಯಾಯವಲ್ಲ. ಇದನ್ನು ನಾನು ನೊಂದು ಬರೆಯುತ್ತಿದ್ದೇನೆ.

ನಿಮ್ಮ ಪತ್ರದಲ್ಲಿ ಯಜಮಾನರ ಮಾತೂ ಇಲ್ಲ, ಮೈದುನರ ಮಾತೂ ಇಲ್ಲ. ಅವರ ತಾಯಿಯಲ್ಲವೇ? ವಾರದಲ್ಲಿ ಮೂರು ರಾತ್ರಿ ಅವರು ಏಳಲಿ, ನೀವು ಬೇರೆ ಕೋಣೆಯಲ್ಲಿ ಮಲಗಿ. ಅತ್ತೆಯವರನ್ನು ಒಮ್ಮೆ ವೈದ್ಯರಿಗೆ ತೋರಿಸಿ. ಮೂತ್ರದ ಸೋಂಕು, ಮಲಬದ್ಧತೆ, ಎಲ್ಲೋ ಒಂದು ನೋವು, ಹಗಲಿನ ನಿದ್ದೆ ಇವೆಲ್ಲ ಮರೆವಿನವರನ್ನು ರಾತ್ರಿ ಎಬ್ಬಿಸುತ್ತವೆ. ಅದನ್ನು ಹೇಳಲು ಅವರಿಗೆ ಬಾಯಿ ಬಾರದು. ಅಳು ನಿಲ್ಲದಿದ್ದರೆ 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ ಅದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ.

ಇನ್ನು ಆ ಹುಡುಗ. ಸೋಮವಾರ ಪ್ರಾರ್ಥನೆಗೆ ಮುಂಚೆ ಅವನ ಪಕ್ಕ ಕೂತು, ‘ಅವತ್ತು ನಿನ್ನ ಪುಸ್ತಕ ಎಸೆದದ್ದು ನನ್ನ ತಪ್ಪು ಕಣಪ್ಪಾ’ ಎನ್ನಿ. ಹರಿದಿದ್ದರೆ ಇಬ್ಬರೂ ಸೇರಿ ಬೈಂಡ್ ಹಾಕಿ. ಅವನು ಏನೆಂದ ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.

— ಸಂ.