ಡಬಲ್-ಅಪ್‌ನಲ್ಲಿ ಪ್ರತಿ ಸಲ ಮುಗ್ಗರಿಸುವುದು ಯಾಕೆ?

ವೇಕ್‌ಬೋರ್ಡಿಂಗ್‌ನಲ್ಲಿ (ಬೋಟು ಹಗ್ಗದಿಂದ ಎಳೆಯುವಾಗ ಬೋರ್ಡ್ ಮೇಲೆ ನಿಂತು ನೀರಿನ ಮೇಲೆ ಸಾಗುವ ಆಟ) ಸಾಮಾನ್ಯ ವೇಕ್ ಅನ್ನು, ಅಂದರೆ ಬೋಟಿನ ಹಿಂದೆ ಏಳುವ ಅಲೆಯನ್ನು, ಈ ಕಡೆಯಿಂದ ಆ ಕಡೆಗೆ ಸಲೀಸಾಗಿ ಹಾರುತ್ತೇನೆ, ಡಬಲ್-ಅಪ್‌ನಲ್ಲಿ, ಅಂದರೆ ಬೋಟಿನ ಹಳೆಯ ಅಲೆಯ ಮೇಲೆ ಹೊಸ ಅಲೆ ಸೇರಿ ದೊಡ್ಡದಾಗುವ ಜಾಗದಲ್ಲಿ ಮಾತ್ರ ಬೋರ್ಡ್ ತಗ್ಗಿಗೆ ಬಿದ್ದು ಮುಗ್ಗರಿಸುತ್ತೇನೆ ಎಂದಿದ್ದೀರಿ. ನೀವು ಹಾರುವ ರೀತಿಯಲ್ಲಿ ತಪ್ಪಿಲ್ಲ. ಬೇಗ ಹೊರಡುತ್ತಿದ್ದೀರಿ, ಅಷ್ಟೇ.

ಬೋಟು ತಿರುಗಿ ಬಂದು ತನ್ನದೇ ಹಳೆಯ ಅಲೆಗಳನ್ನು ದಾಟುತ್ತದೆ ಅಲ್ವಾ? ಅಲ್ಲಿ ಎರಡು ಉಬ್ಬು, ನಡುವೆ ಒಂದು ತಗ್ಗು. ಮೊದಲ ಉಬ್ಬು ಕಂಡ ಕೂಡಲೇ ಮನಸ್ಸು ಓಡುತ್ತದೆ. ಓಡಲು ಬಿಡಬೇಡಿ. ನಿಮಗೆ ಬೇಕಿರುವುದು ಎರಡನೆಯದು. ಬೋಟಿನ ಮೂತಿ ಎರಡನೇ ಸಲ ಮೇಲೆದ್ದಾಗ ಒಳಗೆ, ಅಲೆಯ ಕಡೆಗೆ ತಿರುಗಿ. ಹಗ್ಗ 20 ಮೀಟರ್, ವೇಗ ಗಂಟೆಗೆ 35 ಕಿ.ಮೀ. ಇದ್ದರೆ, ಬೋಟು ದಾಟಿದ ಜಾಗಕ್ಕೆ ನೀವು ಬರಲು ಸುಮಾರು 2 ಸೆಕೆಂಡ್ ಬೇಕು. ಅಷ್ಟು ಹೊತ್ತು ಧಾರಾಳವಾಯಿತು, ಸುಮ್ನೆ ಗಾಬರಿ ಬೇಡ. ನಿಧಾನವಾಗಿ ಶುರು ಮಾಡಿ, ಅಲೆಯ ಹತ್ತಿರ ಬಂದಂತೆ ಬೋರ್ಡಿನ ಅಂಚನ್ನು ಜಾಸ್ತಿ ಒತ್ತಿ.

ಈ ಅಲೆ ಕಡಿದಾಗಿರುತ್ತದೆ, ಮಂಡಿ ತಾನಾಗಿಯೇ ಕುಸಿಯುತ್ತದೆ. ಕಾಲು ಗಟ್ಟಿ ಇರಲಿ. ನೀವು ಕುಪ್ಪಳಿಸುವುದೇ ಬೇಡ, ಅಲೆಯೇ ಎತ್ತಿ ಎಸೆಯುತ್ತದೆ. ಹಗ್ಗದ ಹಿಡಿಕೆ ಸೊಂಟದ ಹತ್ತಿರ ಇರಲಿ. ಇಳಿಯುವಾಗ ಮಾತ್ರ ಮಂಡಿ ಬಗ್ಗಿಸಿ.

ಬೋಟು ಓಡಿಸುವವರ ಜೊತೆಗೂ ಮಾತಾಡಿ. ಹಳೆಯ ಅಲೆಯನ್ನು ನೇರವಾಗಿ ಅಡ್ಡ ದಾಟದೆ ಓರೆಯಾಗಿ ಹೋದರೆ ನಿಮ್ಮ ಲೆಕ್ಕವೆಲ್ಲ ತಲೆಕೆಳಗು. ನಾನು ಫ್ಲಾರಿಡಾದಲ್ಲಿ ಕಲಿಯುವಾಗ ಮೊದಲ ದಿನ ಹಾರಲೇ ಇಲ್ಲ, ಬರೀ ಉಬ್ಬುಗಳನ್ನು ಎಣಿಸಿದೆ. ಗೆಳೆಯರು ನಕ್ಕರು. ನೀವೂ ನಾಲ್ಕೈದು ಸಲ ಹಾಗೆ ಎಣಿಸಿ ನೋಡಿ.