ಮಂಗಗಳನ್ನು ಹಿಡಿದು ಬೇರೆ ಕಾಡಿಗೆ ಬಿಟ್ಟರೆ ಮಂಗನ ಕಾಯಿಲೆ ನಿಲ್ಲುತ್ತದೆಯೇ?

ನೀವು ಕೇಳಿರುವುದು ಎರಡು ಪ್ರಶ್ನೆ. ಊರಿನ ಸುತ್ತಲಿನ ಮಂಗಗಳನ್ನೆಲ್ಲ ಹಿಡಿಸಿ ದೂರದ ಕಾಡಿಗೆ ಬಿಟ್ಟರೆ ಮಂಗನ ಕಾಯಿಲೆಯ ಕಾಟ ತಪ್ಪುವುದಿಲ್ಲವೇ ಎಂಬುದು ಮೊದಲನೆಯದು. ಸಾಯುವುದು ಮಂಗ, ಜ್ವರ ಬರುವುದು ಮನುಷ್ಯರಿಗೆ, ಇದರ ನಡುವೆ ಪಶುವೈದ್ಯ ಸಂಶೋಧಕರಿಗೆ ಏನು ಕೆಲಸ ಎಂಬುದು ಎರಡನೆಯದು. ಎರಡನೆಯದರಲ್ಲಿ ಸ್ವಲ್ಪ ಕೊಂಕು ಇದ್ದಂತಿದೆ, ಇರಲಿ. ನಾನು ವನ್ಯಜೀವಿಗಳ ಮೈಮೇಲಿನ ಪರೋಪಜೀವಿಗಳು ಮತ್ತು ಅವು ಹರಡುವ ಸೋಂಕುಗಳ ಮೇಲೆ ಕೆಲಸ ಮಾಡುವ ಪಶುವೈದ್ಯ. ಮೊದಲನೆಯದಕ್ಕೆ ನನ್ನ ಉತ್ತರ: ನಿಲ್ಲುವುದಿಲ್ಲ, ಹೊಸ ಜಾಗಕ್ಕೂ ಹರಡಬಹುದು. ಎರಡನೆಯದಕ್ಕೆ ಉತ್ತರ ನಿಮ್ಮ ಕೊಟ್ಟಿಗೆಯಲ್ಲಿದೆ.

1957ರಲ್ಲಿ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದವು, ಸುತ್ತಲಿನ ಹಳ್ಳಿಗಳ ಜನ ಜ್ವರದಿಂದ ಮಲಗಿದರು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ತಂಡ ಓಡಿ ಬಂದದ್ದು ಇದು ಹಳದಿ ಜ್ವರವಿರಬಹುದೆಂಬ ಭಯದಿಂದ. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಹಳದಿ ಜ್ವರ ಬಂದಾಗಲೂ ಮೊದಲು ಮಂಗಗಳೇ ಸಾಯುತ್ತವೆ. ಆದರೆ ಇಲ್ಲಿ ಸಿಕ್ಕ ವೈರಸ್ ರಷ್ಯಾದಲ್ಲಿ ಉಣುಗುಗಳು ಹರಡುವ ಮಿದುಳುಜ್ವರದ ವೈರಸ್‌ನ ದಾಯಾದಿಯಾಗಿತ್ತು. ಸೈಬೀರಿಯಾದಿಂದ ಬರುವ ವಲಸೆ ಹಕ್ಕಿಗಳು ಇದನ್ನು ತಂದಿರಬಹುದೇ ಎಂಬ ಅನುಮಾನ ಹುಟ್ಟಿ, ಪಕ್ಷಿತಜ್ಞ ಸಲೀಂ ಅಲಿಯವರ ತಂಡ ಹಕ್ಕಿಗಳನ್ನು ಹಿಡಿದು ಕಾಲಿಗೆ ಉಂಗುರ ತೊಡಿಸುವ ದೊಡ್ಡ ಕೆಲಸವನ್ನೇ ಕೈಗೆತ್ತಿಕೊಂಡಿತು. ಹಕ್ಕಿಗಳ ಮೇಲಿನ ಆರೋಪ ಸಾಬೀತಾಗಲಿಲ್ಲ. ಪಕ್ಷಿಶಾಸ್ತ್ರಕ್ಕೆ ಮಾತ್ರ ಭರ್ಜರಿ ಲಾಭವಾಯಿತು.

ವೈರಸ್ ಹೊತ್ತು ತಿರುಗುವುದು ಮುಖ್ಯವಾಗಿ ಹೀಮಾಫೈಸಾಲಿಸ್ ಸ್ಪಿನಿಜೆರಾ ಎಂಬ ಉಣುಗು. ಈ ಪ್ರಾಣಿಯ ಬದುಕು ಅರ್ಥವಾಗದೆ ರೋಗ ಅರ್ಥವಾಗುವುದಿಲ್ಲ, ಹಾಗಾಗಿ ಇಲ್ಲಿ ಸ್ವಲ್ಪ ನಿಧಾನಿಸುತ್ತೇನೆ. ಇದಕ್ಕೆ ಬದುಕಿನಲ್ಲಿ ಮೂರು ಊಟ, ಮೂರೂ ಬೇರೆ ಬೇರೆ ಪ್ರಾಣಿಗಳ ಮೇಲೆ. ಮಳೆಗಾಲ ಮುಗಿಯುತ್ತಿದ್ದಂತೆ ಮೊಟ್ಟೆಯೊಡೆದು ಬರುವ ಮರಿಗೆ ಆರೇ ಕಾಲು. ಅದು ಇಲಿ, ಸುಂಡಿಲಿ, ನೆಲದ ಹಕ್ಕಿ, ಮಂಗ ಹೀಗೆ ಸಿಕ್ಕಿದ್ದನ್ನು ಹತ್ತಿ ರಕ್ತ ಕುಡಿದು ನೆಲಕ್ಕೆ ಉದುರುತ್ತದೆ. ಅಲ್ಲೇ ಪೊರೆ ಕಳಚಿ ಎಂಟು ಕಾಲಿನ ಎರಡನೆಯ ಹಂತಕ್ಕೆ ಬರುತ್ತದೆ. ಎಳ್ಳಿಗಿಂತ ಚಿಕ್ಕದಾದ ಈ ಎರಡನೆಯ ಹಂತದ ಉಣುಗೇ ಹೆಚ್ಚಾಗಿ ಮನುಷ್ಯರನ್ನು ಕಚ್ಚುವುದು, ಅದೂ ಚಳಿಗಾಲದಿಂದ ಬೇಸಿಗೆಯವರೆಗೆ. ಕಾಯಿಲೆ ಡಿಸೆಂಬರ್‌ನಲ್ಲಿ ತಲೆಯೆತ್ತಿ ಮೇ ಹೊತ್ತಿಗೆ ಇಳಿಯುವುದಕ್ಕೆ ಕಾರಣ ಇಷ್ಟೇ. ಮುಂಗಾರು ಬಂದಾಗ ಅದು ಬೆಳೆದು ದೊಡ್ಡ ಉಣುಗಾಗುತ್ತದೆ, ಆಗ ದೊಡ್ಡ ಪ್ರಾಣಿಯನ್ನು ಹುಡುಕುತ್ತದೆ. ಹೆಣ್ಣು ಹೊಟ್ಟೆ ತುಂಬ ರಕ್ತ ಕುಡಿದು ಉದುರಿ, ಒಂದೇ ಸಲಕ್ಕೆ ರಾಶಿ ಮೊಟ್ಟೆಯಿಟ್ಟು ಸಾಯುತ್ತದೆ.

ಮರಿಯಾಗಿದ್ದಾಗ ಸೋಂಕು ತಗುಲಿದರೆ ಪೊರೆ ಕಳಚಿದ ಮೇಲೂ ವೈರಸ್ ಉಣುಗಿನ ಮೈಯಲ್ಲಿ ಉಳಿಯುತ್ತದೆ. ಮಂಗ ಈ ಕಥೆಯೊಳಗೆ ಬರುವುದು ಇಲ್ಲಿ. ಕಪ್ಪು ಮೂತಿಯ ಮುಸಿಯಕ್ಕೂ ಕೆಂಪು ಮೂತಿಯ ಕೋತಿಗೂ ಸೋಂಕು ತಗುಲಿದರೆ ಕೆಲವು ದಿನ ರಕ್ತದಲ್ಲಿ ವೈರಸ್ ಉಕ್ಕುತ್ತದೆ. ಆಗ ಅದರ ಮೈಮೇಲೆ ರಕ್ತ ಕುಡಿಯುತ್ತಿರುವ ಉಣುಗಿನ ಮರಿಗಳೆಲ್ಲ ಸೋಂಕು ಹೊತ್ತು ನೆಲಕ್ಕೆ ಬೀಳುತ್ತವೆ. ಮಂಗ ಸತ್ತು ಬಿದ್ದ ಜಾಗ ಅಪಾಯದ ಜಾಗವಾಗುವುದು ಹೀಗೆ. ಅಂದರೆ ಮಂಗ ರೋಗವನ್ನು ಹಿಗ್ಗಿಸುತ್ತದೆ ನಿಜ, ಹಾಗೆಯೇ ಅದಕ್ಕೇ ಬಲಿಯೂ ಆಗುತ್ತದೆ. ನೀವು ಹೇಳಿದಂತೆ ಮಂಗಗಳನ್ನು ಹಿಡಿದು ಬೇರೆಡೆ ಬಿಟ್ಟರೆ ಉಣುಗು, ಇಲಿ, ಸುಂಡಿಲಿಗಳೆಲ್ಲ ಇಲ್ಲೇ ಉಳಿಯುತ್ತವೆ. ಹಿಡಿದ ಮಂಗದ ಮೈಯಲ್ಲಿ ವೈರಸ್ ಇದ್ದರೆ ಅದನ್ನು ನೀವೇ ಲಾರಿಯಲ್ಲಿ ಇನ್ನೊಂದು ಊರಿಗೆ ಸಾಗಿಸಿದಂತಾಯಿತು. ಖಾಲಿಯಾದ ಜಾಗಕ್ಕೆ ಪಕ್ಕದ ಹಿಂಡು ಬರುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಮನುಷ್ಯರಿಗೆ ಜ್ವರ ಬರುವ ಮೊದಲೇ ಎಚ್ಚರಿಸುತ್ತಿದ್ದ ಪ್ರಾಣಿಯೇ ನಿಮ್ಮ ಕಾಡಿನಿಂದ ಮಾಯವಾಗುತ್ತದೆ. ಸತ್ತ ಮಂಗದ ಸುದ್ದಿ ಬೇಗ ಮುಟ್ಟಿದರೆ ಮರಣೋತ್ತರ ಪರೀಕ್ಷೆ ಮಾಡಿ, ಮಾದರಿ ತೆಗೆದು, ಕಳೇಬರವನ್ನು ಸುಟ್ಟು, ಸುತ್ತ ಉಣುಗುನಾಶಕ ಪುಡಿ ಉದುರಿಸಬಹುದು. ಕೊಳೆತು ನಾರುವ ಹೊತ್ತಿಗೆ ಸುದ್ದಿ ಬಂದರೆ ಪ್ರಯೋಗಾಲಯಕ್ಕೆ ಕಳಿಸಲು ಏನೂ ಉಳಿದಿರುವುದಿಲ್ಲ.

ಇನ್ನು ಕೊಟ್ಟಿಗೆಯ ವಿಷಯ. ಮುಂಗಾರಿನಲ್ಲಿ ದೊಡ್ಡ ಉಣುಗು ಹುಡುಕುವ ದೊಡ್ಡ ಪ್ರಾಣಿ ಹಿಂದೆ ಕಡವೆ, ಕಾಡುಕೋಣಗಳಾಗಿರಬೇಕು. ಈಗ ಹೆಚ್ಚಿನ ಕಡೆ ಅದು ಕಾಡಿಗೆ ಮೇಯಲು ಬಿಟ್ಟ ಹಸು, ಎಮ್ಮೆ. ಮಲೆನಾಡು ಗಿಡ್ಡ ತಳಿಯ ಹಸುವಿನ ಕಿವಿಯ ಹಿಂದೆ, ಕೆಚ್ಚಲಿನ ಮೇಲೆ, ಬಾಲದ ಬುಡದಲ್ಲಿ ನೋಡಿ, ತಿಳಿಯುತ್ತದೆ. ಹಸುವಿನ ರಕ್ತದಲ್ಲಿ ಈ ವೈರಸ್ ಹೆಚ್ಚು ಬೆಳೆಯುವುದಿಲ್ಲ, ಹಸುವಿಗೆ ಕಾಯಿಲೆಯೂ ಬರುವುದಿಲ್ಲ. ಹಾಗಾಗಿಯೇ ಯಾರೂ ಅದರತ್ತ ನೋಡುವುದಿಲ್ಲ. ಆದರೆ ಮುಂದಿನ ವರ್ಷದ ಉಣುಗಿನ ಸಂತಾನಕ್ಕೆ ಊಟ ಹಾಕುತ್ತಿರುವುದು ಅದೇ. 1950ರ ದಶಕದಲ್ಲಿ ಈ ಭಾಗದ ಜನಸಂಖ್ಯೆ ಏರಿ, ಕಾಡು ಕಡಿದು ಗದ್ದೆ ಮಾಡಿ, ದನಗಳನ್ನು ಕಾಡಂಚಿಗೆ ಬಿಟ್ಟದ್ದೇ ರೋಗ ಭುಗಿಲೇಳಲು ಕಾರಣ ಎಂದು ಕ್ಯಾಸನೂರಿನಲ್ಲಿ ಕೆಲಸ ಮಾಡಿದ ಕೊಲಂಬಿಯಾದ ವೈದ್ಯ ಹೋರ್ಹೆ ಬೊಶೆಲ್ 1969ರಲ್ಲೇ ಬರೆದರು. ಬೆಳ್ತಂಗಡಿ ತಾಲ್ಲೂಕಿನ ನಿಡ್ಲೆಯಲ್ಲಿ ಗೇರು ತೋಟಕ್ಕಾಗಿ ಕಾಡು ಕಡಿದ ಬೆನ್ನಲ್ಲೇ, 1982-83ರಲ್ಲಿ, ಸಾವಿರಕ್ಕೂ ಹೆಚ್ಚು ಜನರಿಗೆ ಕಾಯಿಲೆ ಬಂತು. ಇತ್ತೀಚಿನ ಅಧ್ಯಯನಗಳೂ ಕಾಡು, ತೋಟ ಮತ್ತು ನಾಟಿ ದನಗಳು ಒಟ್ಟಿಗೆ ಹೆಚ್ಚಾಗಿರುವ ಕಡೆಯೇ ಅಪಾಯ ಹೆಚ್ಚೆಂದು ತೋರಿಸಿವೆ.

ಹೀಗಾಗಿ ನಮ್ಮಂಥವರ ಕೆಲಸದ ಬಹುಪಾಲು ಪ್ರಯೋಗಾಲಯಕ್ಕಿಂತ ಹೊರಗೆ. ಬಿಳಿ ಫ್ಲಾನೆಲ್ ಬಟ್ಟೆಯೊಂದನ್ನು ಕೋಲಿಗೆ ಕಟ್ಟಿ ಕಾಡಿನ ದರಗಿನ, ಅಂದರೆ ಉದುರಿದ ಒಣ ಎಲೆಗಳ ಮೇಲೆ ನಿಧಾನ ಎಳೆಯುತ್ತೇವೆ. ಕಾದು ಕುಳಿತ ಉಣುಗುಗಳು ಯಾವುದೋ ಪ್ರಾಣಿ ಹಾದುಹೋಯಿತೆಂದು ಬಟ್ಟೆಯನ್ನು ಹಿಡಿದುಕೊಳ್ಳುತ್ತವೆ. ಚಿಮುಟದಿಂದ ಆರಿಸಿ, ಜಾತಿ ಮತ್ತು ಹಂತ ಗುರುತಿಸಿ, ಗುಂಪು ಮಾಡಿ ವೈರಸ್ ಪರೀಕ್ಷೆಗೆ ಕಳಿಸುತ್ತೇವೆ. ದಾರಿಯಲ್ಲಿ ಸಿಕ್ಕ ಹಿರಿಯರೊಬ್ಬರು, ಒಗೆದ ಬಟ್ಟೆಯನ್ನು ಹೀಗೆ ಮಣ್ಣಿನಲ್ಲಿ ಎಳೆದರೆ ಮನೆಯಲ್ಲಿ ಬೈಯುವುದಿಲ್ಲವೇ ಎಂದು ಕೇಳಿದ್ದರು. ಬೈಯುತ್ತಾರೆ.

ಸಾಯುವ ಪ್ರಾಣಿಯನ್ನಷ್ಟೇ ನೋಡಿದರೆ ಕಾರಣ ತಪ್ಪಿಹೋಗುತ್ತದೆ ಎಂಬುದಕ್ಕೆ ಮಲೆನಾಡಿನಾಚೆಗೂ ಉದಾಹರಣೆ ಇದೆ. 1994ರಲ್ಲಿ ಟಾಂಜಾನಿಯಾದ ಸೆರೆಂಗೆಟಿಯಲ್ಲಿ ಸಿಂಹಗಳ ಸುಮಾರು ಮೂರನೇ ಒಂದು ಭಾಗ ಸತ್ತಾಗ ನಾಯಿಗಳ ಡಿಸ್ಟೆಂಪರ್ ವೈರಸ್ ಸಿಕ್ಕಿತ್ತು. ಅದೇ ವೈರಸ್ ಬೇರೆ ವರ್ಷಗಳಲ್ಲಿ ಅಷ್ಟು ಸಾವು ತರದೆ ಬಂದುಹೋಗಿತ್ತು. ಬರದಿಂದ ಸೊರಗಿದ ಕಾಡೆಮ್ಮೆಗಳ ಮೈತುಂಬ ಉಣುಗು ತುಂಬಿ, ಅವುಗಳನ್ನು ತಿಂದ ಸಿಂಹಗಳಿಗೆ ಬ್ಯಾಬಿಸಿಯಾ ಎಂಬ ರಕ್ತದ ಪರೋಪಜೀವಿ ವಿಪರೀತ ಅಂಟಿತ್ತು. ವೈರಸ್ ಜೊತೆ ಸೇರಿ ಅದು ಕೊಂದಿತು. ಇದು ತಿಳಿಯಲು ಹಳೆಯ ರಕ್ತದ ಮಾದರಿಗಳನ್ನು ವರ್ಷಗಳ ಮೇಲೆ ಮತ್ತೆ ಪರೀಕ್ಷಿಸಬೇಕಾಯಿತು.

ಮನುಷ್ಯರ ಲಸಿಕೆಯ ಮಾತನ್ನೂ ಹೇಳಿಬಿಡುತ್ತೇನೆ, ಯಾಕೆಂದರೆ ಅದನ್ನು ತಯಾರಿಸುತ್ತಿದ್ದದ್ದು ಬೆಂಗಳೂರಿನ ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಪಶುವೈದ್ಯಕೀಯ ಜೈವಿಕ ಸಂಸ್ಥೆ. 1990ರಿಂದ ಬಳಕೆಯಲ್ಲಿದ್ದ ಆ ಲಸಿಕೆಗೆ ಮತ್ತೆ ಮತ್ತೆ ಬೂಸ್ಟರ್ ಬೇಕಿತ್ತು, ರಕ್ಷಣೆಯೂ ಪೂರ್ತಿಯಿರಲಿಲ್ಲ. 2022ರಲ್ಲಿ ಅದು ನಿಂತಿತು. ಅಷ್ಟರಲ್ಲಿ ಕಾಯಿಲೆ ಶಿವಮೊಗ್ಗ ದಾಟಿ ಬಂಡೀಪುರ, ವಯನಾಡು, ಗೋವಾ, ಸಿಂಧುದುರ್ಗದವರೆಗೆ ಕಾಣಿಸಿಕೊಂಡಾಗಿತ್ತು.

ನಿಮ್ಮ ಊರಿನಲ್ಲಿ ಏನು ಮಾಡಬಹುದು? ಸತ್ತ ಮಂಗವನ್ನು ಮುಟ್ಟಬೇಡಿ, ಅದೇ ದಿನ ಆರೋಗ್ಯ, ಪಶುಪಾಲನಾ ಅಥವಾ ಅರಣ್ಯ ಇಲಾಖೆಯವರಿಗೆ ತಿಳಿಸಿ. ದರಗು ಗುಡಿಸಲು, ಸೊಪ್ಪು ತರಲು ಹೋಗುವವರು ಉಣುಗು ಹತ್ತದಂತೆ ತಡೆಯುವ ಡೇಪಾ ತೈಲ ಹಚ್ಚಿಕೊಂಡು, ಮೈ ಮುಚ್ಚುವ ಬಟ್ಟೆ ತೊಟ್ಟು ಹೋಗಲಿ. ಬಂದ ಮೇಲೆ ಬಿಸಿನೀರಿನಲ್ಲಿ ಸ್ನಾನ ಮಾಡಲಿ. ತಂದ ದರಗನ್ನು ಮನೆಯ ಬಾಗಿಲಿಗೆ ಒಟ್ಟಬೇಡಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ವೈದ್ಯರಿಗೆ ಹೇಳಿ. ರೋಗ ಮನುಷ್ಯರಿಂದ ಮನುಷ್ಯರಿಗೆ ಹರಡುವುದಿಲ್ಲ, ಆದ್ದರಿಂದ ರೋಗಿಯನ್ನು ದೂರವಿಡುವ ಅಗತ್ಯವಿಲ್ಲ.

ಇವೆಲ್ಲ ಜನವರಿಯ ಮಾತು. ನನ್ನನ್ನು ಕೇಳಿದರೆ ಹೆಚ್ಚು ದುಡಿಯಬೇಕಾದ ತಿಂಗಳು ಜುಲೈ. ಯಾವ ಪತ್ರಿಕೆಯಲ್ಲೂ ಮಂಗನ ಕಾಯಿಲೆಯ ಸುದ್ದಿಯಿಲ್ಲದ ಆ ದಿನಗಳಲ್ಲಿ ದನಗಳ ಮೈಮೇಲಿನ ಉಣುಗನ್ನು ಕಡಿಮೆ ಮಾಡಬೇಕು. ಬೆನ್ನಿನ ಮೇಲೆ ಸುರಿಯುವ ಔಷಧಿಗಳು ಸಿಗುತ್ತವೆ. ಯಾವುದು, ಎಷ್ಟು, ಎಷ್ಟು ದಿನಕ್ಕೊಮ್ಮೆ ಎಂಬುದನ್ನು ನಿಮ್ಮ ಪಶು ಆಸ್ಪತ್ರೆಯಲ್ಲಿ ಕೇಳಿಯೇ ಬಳಸಿ, ಅಡ್ಡಾದಿಡ್ಡಿ ಬಳಸಿದರೆ ಉಣುಗು ಔಷಧಿಗೆ ಬಗ್ಗದಂತಾಗುತ್ತದೆ. ಒಬ್ಬರ ಹಸುವಿಗೆ ಹಾಕಿ ಪಕ್ಕದವರದನ್ನು ಬಿಟ್ಟರೆ ಪ್ರಯೋಜನ ಕಡಿಮೆ, ಒಂದೇ ಕಾಡಿಗೆ ಮೇಯಲು ಹೋಗುವ ದನಗಳಿಗೆಲ್ಲ ಒಟ್ಟಿಗೆ ಹಾಕಿಸಿ. ಇದೊಂದರಿಂದಲೇ ಕಾಯಿಲೆ ಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕಡವೆ, ಕಾಡುಕೋಣಗಳ ಬೆನ್ನಿಗೆ ಔಷಧಿ ಸುರಿಯುವವರಾರು? ಹಾಗಾದರೆ ದನಗಳನ್ನೇ ಮಾರಿಬಿಡಲೇ ಎಂದು ಕೇಳಬೇಡಿ. ಗೊಬ್ಬರವಿಲ್ಲದೆ ಅಡಿಕೆ ತೋಟ ನಡೆಸುವುದು ಹೇಗೆ ಎಂಬ ಪ್ರಶ್ನೆಗೆ ನನ್ನ ಬಳಿ ಔಷಧಿ ಇಲ್ಲ.