ಪಿಎಚ್ ಇಳಿಯುತ್ತಿದ್ದರೆ ಮೊದಲು ಕೆಎಚ್ ನೋಡಿ

ನೀವು ಬರೆದಿದ್ದನ್ನು ಪೂರ್ತಿ ಓದಿದೆ. 100 ಲೀಟರ್ ಸವುಳು ನೀರಿನ ಟ್ಯಾಂಕ್, ಒಂದು ಗ್ರೀನ್ ಸ್ಪಾಟೆಡ್ ಪಫರ್ ಮೀನು, ಆರ್‌ಒ (ಖನಿಜ ಸೋಸಿ ತೆಗೆದ) ನೀರಿಗೆ ಮರೀನ್ ಸಾಲ್ಟ್, ಅಂದರೆ ಸಮುದ್ರದಂಥ ನೀರು ಮಾಡುವ ಉಪ್ಪು. ಮೂರು ವಾರದಲ್ಲಿ ಉಪ್ಪಿನಂಶ ತೋರಿಸುವ ಹೈಡ್ರೋಮೀಟರ್ 1.008ರಿಂದ 1.010ಕ್ಕೆ ಏರಿದೆ, ಪಿಎಚ್ (ನೀರು ಆಮ್ಲವೋ ಕ್ಷಾರವೋ ಅನ್ನುವ ಅಳತೆ) 8.2ರಿಂದ 7.4ಕ್ಕೆ ಇಳಿದಿದೆ, ಅದಕ್ಕೆ ಪಿಎಚ್ ಏರಿಸುವ ದ್ರಾವಣ ಹಾಕುತ್ತಿದ್ದೀರಿ. ದಯವಿಟ್ಟು ಆ ಬಾಟಲಿ ಇವತ್ತೇ ಪಕ್ಕಕ್ಕಿಡಿ. ನೀರಿನಲ್ಲಿ ಸ್ವಲ್ಪ ಅಮೋನಿಯಾ ಇದ್ದು ಪಿಎಚ್ ಒಮ್ಮೆಲೇ ಮೇಲೆ ಹಾರಿದರೆ ಮೀನಿಗೆ ನೇರ ವಿಷ. 25 ಡಿಗ್ರಿಯಲ್ಲಿ ಪಿಎಚ್ 7 ಇದ್ದಾಗ ಅಮೋನಿಯಾದಲ್ಲಿ ವಿಷದ ರೂಪ ನೂರಕ್ಕೆ ಒಂದೂ ಇರಲ್ಲ, 8 ಆದರೆ ಸುಮಾರು 5 ಆಗುತ್ತದೆ.

ಉಪ್ಪಿನ ವಿಷಯ ಬೇಗ ಮುಗಿಸುತ್ತೇನೆ. ಆವಿಯಾಗುವುದು ನೀರು ಮಾತ್ರ, ಉಪ್ಪು ಒಳಗೇ ಉಳಿಯುತ್ತದೆ. ಹಾಗಾಗಿ ಕಮ್ಮಿಯಾದಷ್ಟಕ್ಕೆ ಬರೀ ಸಿಹಿನೀರು ಹಾಕಬೇಕು, ಉಪ್ಪು ಬೆರೆಸಿದ್ದನ್ನಲ್ಲ. ಉಪ್ಪುನೀರು ಬೇಕಾಗುವುದು ನೀರು ಬದಲಿಸುವಾಗ. ಗಾಜಿನ ಮೇಲೆ ಒಂದು ತುಂಡು ಟೇಪ್ ಅಂಟಿಸಿ ಮಟ್ಟ ಗುರುತು ಮಾಡಿ, ದಿನಾ ಆ ಗೆರೆವರೆಗೆ ತುಂಬಿಸಿ. ಈಗ ಏರಿರುವುದನ್ನು ಇಳಿಸಲು 10 ಲೀಟರ್ ತೆಗೆದು ಅಷ್ಟೇ ಸಿಹಿನೀರು ಹಾಕಿ, ನಾಲ್ಕೈದು ದಿನ ಬಿಟ್ಟು ಇನ್ನೊಮ್ಮೆ ಹಾಗೇ ಮಾಡಿ. ಒಂದೇ ದಿನ ಇಳಿಸಿದರೆ ಮೀನು ತಡೆದುಕೊಂಡರೂ ಫಿಲ್ಟರಿನ ಬ್ಯಾಕ್ಟೀರಿಯಾಗೆ ಪೆಟ್ಟು ಬೀಳಬಹುದು. ಅದಕ್ಕೂ ಮುಂಚೆ ಹೈಡ್ರೋಮೀಟರ್ ಮುಳ್ಳನ್ನು ಬೆಳಕಿಗೆ ಹಿಡಿದು ನೋಡಿ. ಸಾಸಿವೆಗಿಂತ ಸಣ್ಣ ಗುಳ್ಳೆಗಳು ಅಂಟಿಕೊಂಡಿದ್ದರೆ ಮುಳ್ಳು ಮೇಲೆದ್ದು ರೀಡಿಂಗ್ ಜಾಸ್ತಿ ತೋರಿಸುತ್ತದೆ. ಮೆಲ್ಲಗೆ ತಟ್ಟಿ ಬಿಡಿಸಿ ಮತ್ತೆ ಓದಿ.

ಪಿಎಚ್ ಇಳಿಯಲು ಕಾರಣ ನನ್ನ ಪ್ರಕಾರ ಬೇರೆ, ನಾನೂ ಮೊದಲ ವರ್ಷ ಇಲ್ಲೇ ಎಡವಿದ್ದೆ. ಮರೀನ್ ಸಾಲ್ಟ್ ಹಾಕಿದ್ದೇನಲ್ಲ, ಪಿಎಚ್ ತಾನೇ ನಿಲ್ಲುತ್ತದೆ ಅಂದುಕೊಂಡಿದ್ದೆ. ಆದರೆ ಆ ಡಬ್ಬಿ ಮೇಲಿನ ಲೆಕ್ಕ ಪೂರ್ತಿ ಸಮುದ್ರದ ನೀರಿಗೆ, ಅಂದರೆ 1.025ರ ಆಸುಪಾಸಿಗೆ. ಅಲ್ಲಿ ಕೆಎಚ್, ಅಂದರೆ ಆಮ್ಲವನ್ನು ತಡೆದು ಪಿಎಚ್ ಹಿಡಿದಿಡುವ ಕಾರ್ಬೊನೇಟ್‌ಗಳ ಅಳತೆ, 8-9 ಡಿಗ್ರಿ ಬಂದರೆ, ಆರ್‌ಒ ನೀರಿನಲ್ಲಿ 1.008ಕ್ಕೆ ಬೆರೆಸಿದಾಗ ಸಿಗುವುದು ಅದರ ಮೂರರಲ್ಲೊಂದು ಭಾಗ, ಹೆಚ್ಚೆಂದರೆ 3. ಅದರ ಮೇಲೆ ಪಫರ್ ತಿನ್ನುವ ರೀತಿ ನಿಮಗೆ ಗೊತ್ತೇ ಇದೆ, ಬಸವನಹುಳು ಕಚ್ಚಿ ಅರ್ಧ ಚೆಲ್ಲುತ್ತದೆ. ಚೆಲ್ಲಿದ್ದೆಲ್ಲ ಕೊಳೆತು ಅಮೋನಿಯಾ ಆಗುತ್ತದೆ, ಬ್ಯಾಕ್ಟೀರಿಯಾ ಅದನ್ನು ನೈಟ್ರೇಟ್ ಮಾಡುವಾಗ ಆಮ್ಲ ಹುಟ್ಟಿ ಇರುವ ಚೂರುಪಾರು ಕೆಎಚ್ ಕೂಡ ಕರಗಿಹೋಗುತ್ತದೆ. ಕೆಎಚ್ ಖಾಲಿಯಾದ ಮೇಲೆ ಪಿಎಚ್ ಹಿಡಿದು ನಿಲ್ಲಿಸುವವರು ಯಾರು ಹೇಳಿ?

ಹಾಗಾಗಿ ಕೆಎಚ್ 8ರಿಂದ 12ರೊಳಗೆ ಇಟ್ಟುಕೊಳ್ಳಿ. ಅಡುಗೆ ಸೋಡಾ ಸಾಕು. 100 ಲೀಟರಿಗೆ 3 ಗ್ರಾಂ ಹಾಕಿದರೆ ಕೆಎಚ್ 1 ಡಿಗ್ರಿ ಏರುತ್ತದೆ. ಬೇಕಿಂಗ್ ಪೌಡರ್ ಅಲ್ಲ, ಅದು ಬೇರೆ ವಸ್ತು. ಒಂದು ಮಗ್ ನೀರಿನಲ್ಲಿ ಕರಗಿಸಿ, ಫಿಲ್ಟರ್ ನೀರು ಬೀಳುವ ಕಡೆ ನಿಧಾನಕ್ಕೆ ಹಾಕಿ, ದಿನಕ್ಕೆ 1 ಡಿಗ್ರಿಗಿಂತ ಜಾಸ್ತಿ ಏರಿಸಬೇಡಿ. ನಿಮ್ಮ ಪಿಎಚ್ ಈಗಾಗಲೇ ಇಳಿದಿರುವುದರಿಂದ ಮೊದಲು ಅಮೋನಿಯಾ ಟೆಸ್ಟ್ ಮಾಡಿ. ಸೊನ್ನೆ ಬಾರದಿದ್ದರೆ 7.4ರಲ್ಲಿ ನಿಂತ ಪಿಎಚ್ ಅನ್ನು ಮುಟ್ಟದೆ ಊಟ ಕಮ್ಮಿ ಮಾಡಿ, ತಳದ ಕಸ ಎಳೆದು ತೆಗೆಯಿರಿ, ಆಮೇಲೆ ಸೋಡಾ. ಇನ್ನು ಮುಂದೆ ಬದಲಿಸುವ ನೀರಿಗೂ ಹಿಂದಿನ ದಿನವೇ ಬಕೆಟ್‌ನಲ್ಲಿ ಉಪ್ಪು, ಸೋಡಾ ಎರಡೂ ಬೆರೆಸಿ, ಪಂಪ್ ಹಾಕಿ ತಿರುಗಿಸಿಡಿ.

ಹವಳದ ಚೂರು ಹಾಕಬಹುದಾ ಅಂತಲೂ ಕೇಳಿದ್ದೀರಿ. ಬಲೆ ಚೀಲದಲ್ಲಿ ಕಟ್ಟಿ ಫಿಲ್ಟರ್‌ನಲ್ಲಿ ಇಡಿ, ಒಳ್ಳೆಯದೇ. ಆದರೆ ಅದನ್ನೇ ನಂಬಬೇಡಿ. ಪಿಎಚ್ 8ರ ಮೇಲಿದ್ದರೆ ಅದು ಕರಗುವುದು ತೀರಾ ಕಮ್ಮಿ, ಕೆಲವು ತಿಂಗಳಲ್ಲಿ ಮೇಲೆ ಲೋಳೆ ಕೂತು ಇನ್ನೂ ಕಮ್ಮಿಯಾಗುತ್ತದೆ.

ಇನ್ನೊಂದು ಪರೀಕ್ಷೆ. ಒಂದು ಲೋಟ ಟ್ಯಾಂಕ್ ನೀರಿಗೆ ಏರ್ ಸ್ಟೋನ್ ಬಿಟ್ಟು ಒಂದೆರಡು ಗಂಟೆ ಆದ ಮೇಲೆ ಪಿಎಚ್ ನೋಡಿ. ಚೆನ್ನಾಗಿ ಏರಿದ್ದರೆ ಟ್ಯಾಂಕ್‌ನಲ್ಲಿ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇದೆ ಅಂತ ಅರ್ಥ, ಮುಚ್ಚಳ ಸ್ವಲ್ಪ ಸರಿಸಿ, ಆದರೆ ಮೀನು ಹಾರದಷ್ಟೇ. ಇವತ್ತಿನ ಕೆಎಚ್ ಮತ್ತು ಅಮೋನಿಯಾ ಎಷ್ಟು ಬಂತು ಅಂತ ಇಲ್ಲೇ ಹಾಕಿ, ಸೋಡಾ ಎಷ್ಟು ಬೇಕು ಅಂತ ಲೆಕ್ಕ ಹಾಕಿ ಹೇಳುತ್ತೇನೆ.